ಮೂರನೆಯ ಚೌಕ

ಮನೆ ನನ್ನದು. ಪತ್ರದಲ್ಲಿ ಹಾಗಿದೆ:
ಇಡಲೀನಾ ಫುರ್ತಾದು, ವಿಧವೆ, ಮಾಂಟ್ರಿಯಲ್.
ಆದರೂ ಇಪ್ಪತ್ತಾರು ವರ್ಷ
ಒಡತಿಯ ತಲೆಯ ಮೇಲೆ ಬಾಡಿಗೆಯವನ ಕಾಲು.
ನನ್ನ ಸೂರು, ಅವನ ನೆಲ.

ಗಂಡ ಜೆರ್ಮಾನು ಗಾರೆಯವ. ಅಸೋರ್ಸ್ ದ್ವೀಪದಿಂದ
ಒಂದು ಕರಣೆ, ಎರಡು ಅಂಗಿ ತಂದವ.
ಹೊಟ್ಟೆ ಬಾಯಿ ಕಟ್ಟಿ ಈ ಎರಡಂತಸ್ತು ಕೊಂಡು
"ಮೇಲಿನದು ಸಾಲ ತೀರಿಸುತ್ತೆ,
ಕೆಳಗಿನದರಲ್ಲಿ ನಾವು ಮುದುಕರಾಗೋಣ" ಅಂದಿದ್ದ.
ಸಾಲವೂ ತೀರಿತು. ಅದೇ ವರ್ಷ
ಅವನೂ ತೀರಿಕೊಂಡ.

ಮೇಲಿನವನು ಅದೆಲಾರ್. ಬಸ್ಸು ಓಡಿಸುತ್ತಿದ್ದವ, ಒಂಟಿ.
ಬೆಳಗಿನ ನಾಲ್ಕಕ್ಕೆ ಏಳುವ ಚಟ
ನಿವೃತ್ತಿಯಾದರೂ ಬಿಡಲಿಲ್ಲ.
ಹಾಸಿಗೆಯಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ,
ಬಚ್ಚಲಿಂದ ಒಲೆಗೆ ಏಳು,
ಆಮೇಲೆ ಕುರ್ಚಿ. ಕಿರ್ರೆಂದು ಒಂದೇ ಎಳೆತ,
ನನ್ನ ನಿದ್ದೆಯ ಮೇಲೊಂದು ಗೀರು.
ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಿದ್ದೆ.
ಗಪ್ಪಾಗುತ್ತಿತ್ತು. ತುಸು ಹೊತ್ತಿಗೆ
ಮೆಲ್ಲಗೆ, ಬಹಳ ಮೆಲ್ಲಗೆ, ಬಟ್ಟಲಲ್ಲಿ ಚಮಚ ತಿರುಗುವ ಸದ್ದು.

ಪ್ರತಿ ಫೆಬ್ರವರಿ ಒಂದು ನೋಟೀಸು.
ಹಿಮಗಟ್ಟಿದ ಕಬ್ಬಿಣದ ಸುತ್ತುಮೆಟ್ಟಿಲು, ಹತ್ತೊಂಬತ್ತು,
ಹತ್ತಿ ಹೋಗಿ ಕೈಗೇ ಕೊಡುವುದು:
ಬಾಡಿಗೆ ಇಷ್ಟಿತ್ತು, ಇಷ್ಟಾಗುತ್ತದೆ.
ಕಾಗದದ ಬುಡದಲ್ಲಿ ಮೂರು ಚೌಕ.
ಒಪ್ಪಿದ್ದೇನೆ.
ಒಪ್ಪುವುದಿಲ್ಲ, ಆದರೆ ಇರುತ್ತೇನೆ.
ಬಿಟ್ಟು ಹೋಗುತ್ತೇನೆ.
ಅವನ ಗುರುತು ಯಾವಾಗಲೂ ಎರಡನೆಯದಕ್ಕೆ.
ನನ್ನ ಮುಂದೆಯೇ ಗೀಚಿ, ಪೆನ್ನಿಗೆ ಮುಚ್ಚಳ ಹಾಕಿ
"ಮೆಟ್ಟಿಲಿಗೆ ಉಪ್ಪು ಎರಚಿದ್ದೇನೆ, ಜೋಪಾನ" ಅನ್ನುತ್ತಿದ್ದ.
ಇಪ್ಪತ್ತು ಕೇಳಲು ಹೋದವಳು
ಎಂಟಕ್ಕೆ ಇಳಿದು, ಹತ್ತೊಂಬತ್ತೂ ಇಳಿದು ಬರುತ್ತಿದ್ದೆ.
ಹೀಗೆ ತೆವಳಿ ತೆವಳಿ ಆರುನೂರ ನಲವತ್ತು ಡಾಲರು.
ಎದುರು ಮನೆಯಲ್ಲಿ ಸಾವಿರದ ಎಂಟುನೂರು.

ಚೂಪು ಬೂಟಿನ ದಲ್ಲಾಳಿ ಹುಡುಗ ಹೇಳಿದ್ದ:
"ಮದಾಮ್, ತುಂಬಿದ ಮನೆಗಿಂತ
ಖಾಲಿ ಮನೆಗೇ ಬೆಲೆ ಜಾಸ್ತಿ."
ಖಾಲಿ ಕೊಡ ಭಾರ ತೂಗುವ ತಕ್ಕಡಿ ಯಾವುದಪ್ಪ?
ಆದರೂ ಆ ರಾತ್ರಿ ನಾನೂ ತೂಗಿದೆ. ಸುಳ್ಳೇಕೆ.
ಸೋರುವ ಚಾವಣಿ, ಮಂಡಿಯ ಮಾತ್ರೆ,
ವರ್ಷ ವರ್ಷ ಉಬ್ಬುವ ತೆರಿಗೆ ಒಂದು ಕಡೆ.
ಇನ್ನೊಂದು ಕಡೆ ಏನಿಡಬೇಕೋ ತಿಳಿಯುವ ಮೊದಲೇ
ಮೇಲೆ ನಾಲ್ಕು ಗಂಟೆಯಾಯಿತು.

ಈ ಫೆಬ್ರವರಿ ಪೆನ್ನು ಹುಡುಕುವಾಗಲೇ ತಡವರಿಸಿದ.
ಮೂರನೆಯ ಚೌಕ.
"ರಿಮೂಸ್ಕಿಯಲ್ಲಿ ತಂಗಿ ಇದ್ದಾಳೆ. ಅವಳ ಮನೆಗೆ ಮೆಟ್ಟಿಲಿಲ್ಲ."
ಏನೂ ತೋಚದೆ ನಾನು
"ಹಾಗಾದರೆ ಆ ಎಂಟೂ ಬೇಡ" ಎಂದುಬಿಟ್ಟೆ.
ನಕ್ಕ. ನಾಚಿಕೆಯಾಯಿತು.

ಜುಲೈ ಒಂದು. ಊರಿಗೆ ಊರೇ ಮನೆ ಬದಲಿಸುವ ದಿನ.
ಬೀದಿಯ ತುಂಬ ಹಾಸಿಗೆ, ಫ್ರಿಜ್ಜು,
ಸೋಫಾದ ಎರಡು ತುದಿಗೆ ಜಗಳವಾಡುವ ಭಾವಮೈದುನರು.
ಅವನ ಬದುಕು ಅರ್ಧ ವ್ಯಾನು ತುಂಬಲಿಲ್ಲ.
ನನ್ನ ಅಂಗೈಗಿಟ್ಟ ಬೀಗದ ಕೈ
ಇನ್ನೂ ಬೆಚ್ಚಗಿತ್ತು.

ಸಂಜೆ ಮೇಲೆ ಹೋದೆ, ಗೋಡೆಯ ಮೊಳೆತೂತು ಎಣಿಸಲು,
ಮುರಿದದ್ದು ಒಡೆದದ್ದು ಬರೆದುಕೊಳ್ಳಲು.
ಮಾಸಿ ಕಂದಾದ ನೆಲದ ಹಲಗೆಗಳ ನಡುವೆ
ಒಂದು ಬಿಳಿಚು ದಾರಿ:
ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿಂದ ಒಲೆಗೆ.
ಮೂಲೆಯ ಕಸದ ಚೀಲದಲ್ಲಿ
ಸುರುಳಿ ಸುತ್ತಿದ ದಪ್ಪ ಕಂಬಳಿಪಟ್ಟಿಗಳು,
ಕುರ್ಚಿಯ ಕಾಲಿಗೆ ತೊಡಿಸಿದ್ದ
ನಾಲ್ಕು ಉಣ್ಣೆಯ ಕಾಲುಚೀಲ.
ಮೂರು ಗಟ್ಟಿ. ಒಂದರ ತಳ ಸವೆದು ತೂತು.
ಇಷ್ಟು ವರ್ಷ ನನ್ನ ಕಿವಿಗೆ ಬಿದ್ದದ್ದು
ಆ ತೂತು ಮಾತ್ರ.

ಚಪ್ಪಲಿ ಕಳಚಿ ಹನ್ನೊಂದು ಹೆಜ್ಜೆ ನಡೆದೆ.
ಕೆಳಗೆ ಯಾರೂ ಇಲ್ಲವೆಂದು ಗೊತ್ತಿತ್ತು.

ಫೋನು ಹೊಡೆದುಕೊಂಡಿತು. ಜಾಹೀರಾತು ನೋಡಿದವಳು.
ಎಷ್ಟು ಎಂದಳು.
ಸಾವಿರದ ಎಂಟುನೂರು ಎಂದೆ. ದನಿ ನಡುಗಲಿಲ್ಲ.
"ಕೆಳಗೆ ಯಾರಿದ್ದಾರೆ?"
ಒಬ್ಬಳು ಮುದುಕಿ, ಎಂದೆ.
ಕಿವಿ ಬಲು ಚುರುಕು.