ಕೋಣೆಯ ಲೆಕ್ಕ

ಐದು ರಾತ್ರಿ ಅಂತ ಬಂದವರು.
ಪುಸ್ತಕದಲ್ಲಿ ಹಾಗೇ ಬರೆದಿದ್ದೇನೆ, ನೋಡಿ:
ರಾದೆಕ್, ಐದು. ಮಿಲೆನಾ, ಐದು.
ಬಾಡಿಗೆ ಅರ್ಧ ಅವನದು, ಅರ್ಧ ಅವಳದು,
ಬೇರೆ ಬೇರೆ ಚೀಲದಿಂದ ತೆಗೆದು ಎಣಿಸಿದರು.
ಗಂಡ ಹೆಂಡತಿ ಹೌದೋ ಅಲ್ಲವೋ ಅಂತ
ನನ್ನ ಲಾ ಹುಸ್ನಿ ಪಿಸುಗುಟ್ಟಿದ.
ಉಂಗುರ ಇದೆ, ಸುಮ್ಮನಿರು ಅಂದೆ.

ಅವರ ದೇಶಕ್ಕೆ ಸಮುದ್ರವೇ ಇಲ್ಲವಂತೆ.
ಸುತ್ತ ಬರೀ ನೆಲ, ಅದರಾಚೆ ಇನ್ನೊಬ್ಬರ ನೆಲ.
ಕೇಳಿಯೇ ನನಗೆ ಉಸಿರು ಕಟ್ಟಿತು.
ಅದಕ್ಕೇ ಇರಬೇಕು, ಬೆಳಗಾದರೆ ದೋಣಿ:
ಸೋಮವಾರ ಹತ್ತಾ, ಗುರುವಾರ ಆಯ್,
ಗಾಳಿ ಒಪ್ಪಿದರೆ ರುನ್.
ಬೆನ್ನು ಸುಟ್ಟುಕೊಂಡು ಬರುವರು,
ಒಬ್ಬರ ಬೆನ್ನಿಗೆ ಒಬ್ಬರು ಎಣ್ಣೆ ಹಚ್ಚರು.

ಹಡಗು ಹದಿನೈದು ದಿನಕ್ಕೊಮ್ಮೆ.
ಮೊದಲ ಹಡಗಿಗೆ ಮೀನು ಸುಟ್ಟು, ಕೆನಾರಿ ಬೀಜ ಅರೆದು
ಬದನೆಕಾಯಿಯ ಮೇಲೆ ಸುರಿದು
ಕಳಿಸಿಕೊಡುವ ಊಟ ಹಾಕಿದೆ.
ಧಕ್ಕೆಯವರೆಗೆ ಹೋಗಿ ಮೂಟೆ ಸಮೇತ ವಾಪಸು.
"ಮುಂದಿನದಕ್ಕೆ" ಅಂದಳು.
ಎರಡನೆಯದಕ್ಕೂ ಬದನೆ.
ಮೂರನೆಯದಕ್ಕೆ ನಾನು ಕೊಯ್ಯಲೇ ಇಲ್ಲ.

ಒಂದು ದಿನ ಅವನೊಬ್ಬನೇ ಆಯ್‌ಗೆ ಹೋದ.
ಅವಳು ನನ್ನ ಜಗಲಿಯಲ್ಲಿ, ಜಾಯಿಕಾಯಿ ಗುಡ್ಡೆಯ ಮುಂದೆ.
ನಮ್ಮಿಬ್ಬರ ನಡುವೆ ಹೆಚ್ಚೆಂದರೆ ನಲವತ್ತು ಮಾತು,
ಅದರಲ್ಲಿ ಅರ್ಧ ಮೀನಿನ ಹೆಸರು.
ತೋರಿಸಿದೆ: ಹೀಗೆ, ಬುಡದಿಂದ ಉಗುರು ಹಾಕಿ,
ಜಾಪತ್ರೆ ಹರಿಯಬಾರದು, ಇಡಿಯಾಗಿ ಬರಬೇಕು,
ಹರಿದರೆ ವ್ಯಾಪಾರಿ ಮೂಗು ಮುರಿಯುತ್ತಾನೆ.
ಹತ್ತು ಹರಿದಳು. ಹನ್ನೊಂದನೆಯದು ಬಂತು
ಕೆಂಪಗೆ, ಅಂಗೈಯಲ್ಲಿ, ಒಳಗೆ ಕಾಯಿಲ್ಲದೆ
ಇನ್ನೂ ಏನನ್ನೋ ಹಿಡಿದುಕೊಂಡ ಹಾಗೆ.
ಆಗ ಇದ್ದಿಲು ತೆಗೆದು ನೆಲದ ಮೇಲೆ
ಒಂದು ಮನೆ ಬರೆದಳು. ಒರೆಸಿದಳು.
ದೂರ ದೂರ ಎರಡು ಮನೆ ಬರೆದಳು.
"ಹಡಗು" ಅಂದಳು. "ಆಮೇಲೆ ಇದು" ಅಂದಳು.

ನಾನೇನು ಹೇಳಲಿ? ಕಾಫಿ ಕೊಟ್ಟೆ.
ನೆಲ ಒರೆಸಲು ನೀರು ತಂದವಳು
ಒರೆಸದೆ ಗಿಡಕ್ಕೆ ಚೆಲ್ಲಿದೆ.
ಎರಡು ಮನೆಯ ಮೇಲೂ ಕೋಳಿ ಓಡಾಡಿದವು.

ಸಂಜೆ ಅವನು ಬಂದ, ಒಂದೇ ಚಪ್ಪಲಿಯಲ್ಲಿ,
ಇನ್ನೊಂದನ್ನು ಆಯ್‌ನ ಅಲೆಗೆ ಕೊಟ್ಟು.
ಅವಳು ನಕ್ಕಳು. ಎಷ್ಟೆಂದರೆ
ಪಕ್ಕದ ಮನೆಯ ಮಗು ಎದ್ದು ಅತ್ತಿತು.
ಆಮೇಲೂ ಬಹಳ ಹೊತ್ತು ಏನೋ ಕೇಳುತ್ತಿತ್ತು,
ನಗುವೋ ಅಳುವೋ,
ಗೋಡೆ ತೆಳು, ಆದರೂ ತಿಳಿಯಲಿಲ್ಲ.

ಮರುವಾರ ನನ್ನನ್ನೂ ದೋಣಿಗೆ ಕರೆದರು.
ನಡುವೆ ಭಾರಕ್ಕೆ ಒಬ್ಬರು ಬೇಕು, ಬಾ, ಅಂದ ಹುಸ್ನಿ;
ಇಪ್ಪತ್ತು ವರ್ಷದಲ್ಲಿ ಅವನಾಡಿದ ಒಳ್ಳೆಯ ಮಾತು.
ದಿನಾ ದ್ವೀಪ ಸುತ್ತುವವನ ಹೆಂಡತಿ ನಾನು,
ಹುಟ್ಟಿದ ಹತ್ತಾಕ್ಕೆ ಹನ್ನೊಂದು ವರ್ಷದಿಂದ ಹೋಗಿರಲಿಲ್ಲ.
ಅಲ್ಲಿ ಹವಳದ ಅಂಚು, ನೀಲಿ ಥಟ್ಟನೆ ಕಪ್ಪಾಗುವಲ್ಲಿ
ಇಬ್ಬರೂ ಮುಖ ಮುಳುಗಿಸಿ ತೇಲುತ್ತಿದ್ದರು.
ಕೈ ಹಿಡಿದಿರಲಿಲ್ಲ.
ಸೆಳೆತ ಮಾತ್ರ ಇಬ್ಬರನ್ನೂ
ಒಂದೇ ಕಡೆಗೆ ಒಯ್ಯುತ್ತಿತ್ತು.
ನಾನು ಕಾಲು ನೀರಿಗೆ ಬಿಟ್ಟು ಅಮ್ಮನ ಹಳೆಯ ಬಾವಿ
ಯಾವ ಕಡೆ ಇತ್ತು ಅಂತ ನೆನೆಯುತ್ತಿದ್ದೆ.

ನಾಲ್ಕನೆಯ ಹಡಗು ನಡುರಾತ್ರಿ ಬಂದು ಮೂರು ಸಲ ಕೂಗಿತು.
ಕೋಣೆಯ ದೀಪ ಹೊತ್ತಲಿಲ್ಲ.

ಐದನೆಯದಕ್ಕೆ ಹೋದರು.
ಕೊನೆಯ ತಿಂಗಳು ನಾನು ಸೋಮಾರಿತನದಿಂದ
ಎರಡು ಹೆಸರು ಬಿಟ್ಟು, ಒಂದೇ ಸಾಲು ಬರೆದಿದ್ದೆ:
ಕಡಲ ಕಡೆಯ ಕೋಣೆ, ಮೂವತ್ತು.
ಅವನು ಓದಿದ. ಅವಳ ಕಡೆ ತಳ್ಳಿದ. ಅವಳು ಓದಿದಳು.
ಯಾರೂ ತಿದ್ದಲಿಲ್ಲ.
ಯಾರ ಚೀಲದಿಂದ ಹಣ ಬಂತೋ
ನಾನು ನೋಡದಿರಲೆಂದು ಬೆಂಕಿ ಬೆಟ್ಟ ನೋಡಿದೆ.

ಒಂದು ಮನೆಗೆ ಹೋದರೋ ಎರಡಕ್ಕೋ, ನನಗೇನು ಗೊತ್ತು.
ಮೂರು ಸಲ ಗುಡಿಸಿದರೂ
ಮಂಚದಡಿ ಇನ್ನೂ ಮರಳು.

ನಿನ್ನೆ ಉಪ್ಪಿಗೆಂದು ಪೇಟೆಗೆ ಹೋಗಿದ್ದೆ.
ಧಕ್ಕೆಯಲ್ಲಿ ಹಡಗು ನಿಂತಿತ್ತು, ಜನ ಇಳಿಯುತ್ತಿದ್ದರು.
ಸ್ವಲ್ಪ ಹೊತ್ತು ನಿಂತೆ.
ಬರುವಾಗ
ಬದನೆಕಾಯಿ ಎರಡು ಹೆಚ್ಚಿಗೆ ತಂದೆ.