ನನ್ನ ಎದುರಿನ ಪಾಲು

ರುಫಿಸ್ಕಿನ ನಮ್ಮ ಮನೆಯಲ್ಲಿ ಮಧ್ಯಾಹ್ನಕ್ಕೆ
ಪರಾತ ಒಂದೇ, ಬಾಯಿ ಒಂಬತ್ತು.
ನೀಲಿ ಹೂವಿನ ಎನಾಮೆಲ್,
ಅಂಚಿನಲ್ಲೊಂದು ಕಡೆ ಚಕ್ಕೆ ಎದ್ದಿದೆ,
ಆ ಚಕ್ಕೆಯ ಬಳಿ ನನ್ನ ಜಾಗ.

ಚಾಪೆ ಹಾಸಿ, ಕೈ ತೊಳೆದು, ಬಿಸ್ಮಿಲ್ಲಾ ಅಂದಮೇಲೆ
ಚಿಕ್ಕವರು ಎಡಗೈಯಲ್ಲಿ ಅಂಚು ಹಿಡಿಯಬೇಕು.
ಪರಾತ ಅಲ್ಲಾಡದಿರಲಿ ಅಂತ ಹೇಳುತ್ತಾರೆ.
ಆ ಕೈ ಇನ್ನೆಲ್ಲೂ ಹೋಗದಿರಲಿ ಅಂತ, ನನಗೆ ಗೊತ್ತು.

ನಿನ್ನ ಎದುರಿಗಿರುವಷ್ಟೇ ನಿನ್ನದು.
ಪಕ್ಕದ ಗದ್ದೆಗೆ ದನ ನುಗ್ಗಿಸಿದ ಹಾಗೆ
ಬೆರಳು ನುಗ್ಗಿಸಬಾರದು.
ನಡುವೆ ಕೆಂಪು ನುಚ್ಚಕ್ಕಿಯ ಅನ್ನದ ಮೇಲೆ
ಮೀನು, ಕೋಸು, ಗಜ್ಜರಿ, ಮರಗೆಣಸು:
ಅದು ಅಮ್ಮನ ಸೀಮೆ.
ಅವಳು ಮುರಿದು, ಮುಳ್ಳು ಬಿಡಿಸಿ, ನೋಡದೆಯೇ ಎಸೆಯುತ್ತಾಳೆ.
ತುಣುಕು ಸರಿಯಾಗಿ ನನ್ನೆದುರೇ ಬೀಳುತ್ತದೆ.
ತಮ್ಮ ಮಾಪಾತೆಗೆ ಕೋಸು ಎರಡು ಸಲ,
ಅವನಿಗೆ ಕೋಸು ಸೇರದು, ಅದಕ್ಕೆ.

ಹೊಟ್ಟೆ ತುಂಬಿದವರು ಏಳಬೇಕು,
ಉಣ್ಣುವವರ ಬಾಯಿ ನೋಡುತ್ತ ಕೂರುವಂತಿಲ್ಲ.
ಕೂರುವುದು ಎಲ್ಲರಿಗೂ ಬರುತ್ತದೆ,
ಏಳುವುದನ್ನು ಕಲಿಯಬೇಕು.

ಹತ್ತೊಂಬತ್ತು, ಹನ್ನೊಂದು.
ಅಪ್ಪನ ತೋಳಿನ ಪಟ್ಟಿ ಬಿಚ್ಚುತ್ತ ನರ್ಸು
ಪರೀಕ್ಷೆಯ ಅಂಕ ಓದಿದ ಹಾಗೆ ಓದಿದಳು.
ಉಪ್ಪು ತಿಂದವರು ನೀರು ಕುಡಿದರೆ ಸಾಲದಂತೆ,
ಗುಳಿಗೆಯನ್ನೂ ನುಂಗಬೇಕಂತೆ, ದಿನಕ್ಕೊಂದು.

ಆ ವಾರದಿಂದ ಅಮ್ಮ ಲೆಕ್ಕ ಶುರುಮಾಡಿದಳು.
ಚಿನ್ನದ ಕಾಗದ ಸುತ್ತಿದ ಮಸಾಲೆ ಬಿಲ್ಲೆ
ಪಾತ್ರೆಗೆ ಐದು ಬೀಳುತ್ತಿತ್ತು.
ನಾಲ್ಕಾಯಿತು, ಯಾರೂ ಏನೂ ಅನ್ನಲಿಲ್ಲ.
ಮೂರಾಯಿತು. ಅವಳು ಹುಣಸೆ ಕಿವುಚಿದಳು,
ಮೀನಿನ ಹೊಟ್ಟೆಗೆ ಬೆಳ್ಳುಳ್ಳಿ, ಮೆಣಸು ಒತ್ತಿ ತುಂಬಿದಳು,
ಪುಂಡಿ ಸೊಪ್ಪು ಬೇಯಿಸಿ ಪಕ್ಕದಲ್ಲಿಟ್ಟಳು, ನಿಂಬೆ ಹಿಂಡಿದಳು.
ಎರಡಕ್ಕೆ ಬಂದ ದಿನ ಅಜ್ಜಿ ಕಿನೆ
ಒಂದು ತುತ್ತು ನುಂಗಿ, ಬಾಗಿಲಾಚೆ ನೋಡಿ ಕೇಳಿದಳು:
"ಏನೇ, ಈ ವಾರ ಸಮುದ್ರ ಬತ್ತಿತೇ?"
ಅಪ್ಪ ಮಾತಾಡದೆ ಉಂಡ. ಎಲ್ಲರಿಗಿಂತ ಮೊದಲು ಎದ್ದ.

ಸಂಜೆ ರೊಟ್ಟಿ ತರಲು ಹೋದವಳಿಗೆ ಕಂಡದ್ದು:
ಮೂಲೆಯ ಯಾಸಿನಳ ಬೆಂಚಿನ ಮೇಲೆ
ಅಲಸಂದೆ ತುಂಬಿದ ಅರ್ಧ ಬ್ರೆಡ್ಡು ಹಿಡಿದ ಅಪ್ಪ,
ಕೆನ್ನೆಯವರೆಗೆ ಎಣ್ಣೆ.
ನನ್ನ ಕೈಗೆ ನೂರು ಫ್ರಾಂಕ್ ಇಟ್ಟ.
ನಾನು ಕೇಳಿರಲಿಲ್ಲ.

ಆಮೇಲೆ ಬಿರಾನ್ ಮಾವನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಬಡ್ತಿ,
ಡಾಕಾರಿನ ಕಡಲಂಚಿನ ಹೋಟೆಲಿನಲ್ಲಿ ಊಟ.
ಮೇಜು, ಕುರ್ಚಿ, ಒಬ್ಬೊಬ್ಬರಿಗೂ ಒಂದೊಂದು ತಟ್ಟೆ,
ತಟ್ಟೆಯ ತುಂಬ ಹುರಿದ ಆಲೂಗಡ್ಡೆ, ಗುಡ್ಡದಷ್ಟು.
ನನ್ನ ತಟ್ಟೆಗೆ ನೆರೆಹೊರೆಯೇ ಇಲ್ಲ.
ಸುತ್ತ ಅಂಚಿದೆ, ಗಡಿಯಿಲ್ಲ.
ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ತಿಂದೆ.
ಮಾಪಾತೆ ಮೂರನೆಯ ಬಾಟಲಿಯ ಗುಳ್ಳೆನೀರಿಗೆ
ತೇಗಿ, ಬೆವತು, ಹೊಟ್ಟೆ ಹಿಡಿದುಕೊಂಡ.
ಅಮ್ಮ ಮಾತ್ರ ತನ್ನ ಮೀನು ಮುರಿದು
ಮೇಜಿನಾಚೆ ಎಸೆದಳು, ರೂಢಿ.
ಅಜ್ಜಿಯ ಲೋಟದ ಪಕ್ಕ ಬಿತ್ತು.
ಮಾಣಿ ಬಟ್ಟೆ ಹಿಡಿದು ಓಡಿಬಂದ,
ಅಜ್ಜಿ ಅದನ್ನೆತ್ತಿ ಬಾಯಿಗೆ ಹಾಕಿಕೊಂಡಳು.

ಅಪ್ಪನ ಎದುರಿಗೆ ಗಾಜಿನ ಉಪ್ಪಿನ ಬುರುಡೆ.
ಅವನು ಅದನ್ನು ನೋಡಿದ.
ನಾವು ಅವನನ್ನು ನೋಡದ ಹಾಗೆ ನೋಡಿದೆವು.
ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿ
ಮಾವನ ತಟ್ಟೆಯ ಬಳಿಗೆ ಸರಿಸಿದ.
"ಈಗ ಅದು ನನ್ನ ಎದುರಿಗಿಲ್ಲ," ಅಂದ.
ಅಮ್ಮ ನಕ್ಕಳು, ಬಾಯಿಗೆ ಸೆರಗಿಲ್ಲದೆ, ದೊಡ್ಡದಾಗಿ.
ಮೇಜು ಗಟ್ಟಿಯಾಗಿಯೇ ಇತ್ತು, ಆದರೂ ನಾನು
ಎಡಗೈಯಲ್ಲಿ ತಟ್ಟೆಯ ಅಂಚು ಹಿಡಿದೆ.

ಈಗ ಪಾತ್ರೆಗೆ ಒಂದೇ ಬಿಲ್ಲೆ.
ಅದನ್ನು ಬಿಡಲಾರೆ, ಕೇಳಬೇಡಿ, ಅನ್ನುತ್ತಾಳೆ ಅಮ್ಮ.
ನರ್ಸು ಕಳೆದ ತಿಂಗಳು ಓದಿದ್ದು ಹದಿನೈದು, ಒಂಬತ್ತು.

ಶುಕ್ರವಾರ ಮಾತ್ರ ಸಂಜೆಯ ಹೊತ್ತಿಗೆ
ಅಪ್ಪನ ಚಪ್ಪಲಿ ಮೂಲೆಯ ಕಡೆಗೆ ನಡೆಯುತ್ತವೆ.
ಸರಿಯಾಗಿ ಆಗಲೇ ಅಮ್ಮ
ತಳ ಹಿಡಿದ ಸೀಕಲು ಕೆರೆಯತೊಡಗುತ್ತಾಳೆ,
ಕಬ್ಬಿಣದ ಸೌಟಿನಿಂದ, ಜೋರಾಗಿ,
ಬೇರೇನೂ ಕೇಳಿಸದಷ್ಟು.