ಕಿವಿಗುರುತು

ಮೊದಲ ದಿನವೇ ಅವಳು ಅಡುಗೆಮನೆಯ ಮೇಜಿನ ಮೇಲೆ
ಕಾಲು ಇಳಿಬಿಟ್ಟು ಕೂತಿದ್ದಳು.
‘ಇಳಿಯೇ ಕೆಳಗೆ!’ ಅಂದೆ, ನನ್ನಜ್ಜಿಯ ಗಂಟಲಲ್ಲಿ.
ಉಣ್ಣುವ ಹಲಗೆಗೆ ಕುಂಡಿ ತಾಗಿಸುವುದುಂಟೆ?
ನಮ್ಮ ಮಾವೊರಿ ಮನೆಗಳಲ್ಲಿ ಕೂಸಿಗೂ ಗೊತ್ತು.
ಇಳಿದಳು. ಬಟ್ಟೆ ಒದ್ದೆ ಮಾಡಿ
ಮೇಜು ಒರೆಸಿದಳು, ಎರಡು ಸಲ.

ಮುಖ ಸಣ್ಣದಾದದ್ದು ಕಂಡು ಸಮಾಧಾನಕ್ಕೆಂದು ಕೇಳಿದೆ:
‘ನೀವು ಸಾಮಿ ಜನ ಅಲ್ಲವೇ,
ಮನೆಯಲ್ಲಿ ಹಿಮಸಾರಂಗ ಎಷ್ಟಿವೆ?’
ಬಿರೆತ್ ಕಿಟಕಿಯಾಚೆ ನೋಡಿದಳು,
ಡನೀಡಿನ್ನಿನ ಗುಡ್ಡದ ಮೇಲೆ ಏನೋ ಕಳಕೊಂಡವರ ಹಾಗೆ.
ವಾರ ಕಳೆದ ಮೇಲೆ ಬಾಯಿಬಿಟ್ಟಳು:
ಹಾಗೆ ಕೇಳುವುದೂ ಒಂದೇ,
ಬ್ಯಾಂಕಿನ ಪಾಸ್‌ಬುಕ್ಕು ತೋರಿಸು ಅನ್ನುವುದೂ ಒಂದೇ.

ಲೆಕ್ಕ ಚುಕ್ತಾ. ಗೆಳೆತನ ಅಲ್ಲಿಂದ.

ಏಳು ಜನಕ್ಕೆ ಒಂದೇ ಫ್ರಿಜ್ಜು.
ಎಲ್ಲರೂ ಹೆಸರು ಬರೆದರು, ಎಲ್ಲರ ಹಾಲೂ ಕಳುವಾಯಿತು.
ಅವಳು ಮಾತ್ರ ಚಾಕು ತೆಗೆದು
ಪೊಟ್ಟಣದ ಬಲಮೂಲೆಗೆ ಎರಡು ಕಚ್ಚು, ಎಡಕ್ಕೊಂದು ಓರೆಗೀರು.
ಮರಿಗಳ ಕಿವಿಗೆ ಅವಳಪ್ಪ ಹಾಕುವ ಗುರುತು.
ಅದನ್ನು ಯಾರೂ ಮುಟ್ಟಲಿಲ್ಲ. ಹೆದರಿದರೋ ಏನೋ.

ಹಿಮಕ್ಕೆ ನಿಮ್ಮಲ್ಲಿ ಎಷ್ಟು ಹೆಸರು ಎಂದು ಪಾರ್ಟಿಗಳಲ್ಲಿ ಕೇಳುತ್ತಿದ್ದರು.
‘ಬಾಡಿಗೆ ಬಾಕಿಗೆ ಇನ್ನೂ ಜಾಸ್ತಿ ಇವೆ’ ಅನ್ನುತ್ತಿದ್ದಳು.
ನನಗಾದರೆ ನಾಲಗೆ ಚಾಚಿ ಕುಣಿ ಅನ್ನುವರು.
ಇಬ್ಬರೂ ಬೇಗ ಎದ್ದು ಬರುತ್ತಿದ್ದೆವು,
ಕರಿದ ಮೀನಿನ ಬಿಸಿ ಪೊಟ್ಟಣ ಹಿಡಿದು, ಇಳಿಜಾರಿನಲ್ಲಿ.

ನಡುವೆ ಇದ್ದದ್ದು ಇಂಗ್ಲಿಷು, ಎರವಲು ಕೋಟು.
ಅವಳಿಗೆ ತೋಳು ಉದ್ದ, ನನಗೆ ಹೆಗಲು ಬಿಗಿ.
ಒಂದು ರಾತ್ರಿ ಹೇಳಿಕೊಟ್ಟೆ:
ನಮ್ಮಲ್ಲಿ ಯಾರು ಅನ್ನುವುದಕ್ಕೂ ನೀರು ಅನ್ನುವುದಕ್ಕೂ
ಒಂದೇ ಸದ್ದು, ವೈ.
ನೀನಾರು ಎಂದರೆ ಯಾವ ನೀರು ಎಂದೂ ಕೇಳಿದಂತೆ.
ಅವಳು ತನ್ನ ನದಿಯ ಹೆಸರು ಹೇಳಿದಳು.
ಸ್ವಲ್ಪ ತಡೆದು, ಅದರ ಮೇಲಿನ ಅಣೆಕಟ್ಟಿನ ಹೆಸರು.
ಎರಡೂ ಒಂದೇ ಆಗಿತ್ತು.

ಜನವರಿ. ನಮಗಿಲ್ಲಿ ಬೇಸಿಗೆ ರಜೆ.
ಅವಳಣ್ಣನ ಫೋನು: ನಡುಚಳಿಯಲ್ಲಿ ಮಳೆ ಬಿತ್ತಂತೆ,
ಬಿದ್ದದ್ದು ಬಿದ್ದ ಹಾಗೇ ಗಾಜುಗಟ್ಟಿತಂತೆ.
ಕೆಳಗೆ ಕಲ್ಲುಹೂವಿನ ಮೇವು, ಮೇಲೆ ಹಸಿದ ಗೊರಸು,
ನಡುವೆ ಬೀಗ.
ಟಿಕೆಟ್ಟಿಗೆ ನನ್ನ ಹತ್ತಿರ ಇನ್ನೂರು ಡಾಲರು ತೆಗೆದುಕೊಂಡಳು.
ಮೂರನೇ ವರ್ಷದ ಪುಸ್ತಕಗಳು ಹಾಸಿಗೆಯ ಮೇಲೇ ಉಳಿದವು.
ಬಸ್ಸಿನ ಬಳಿ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ
ನಮ್ಮ ರೀತಿಯಲ್ಲಿ ಒಂದೇ ಉಸಿರು ಹಂಚಿಕೊಂಡೆವು.
ಬೆಳ್ಳುಳ್ಳಿ ತಿಂದಿದ್ದಳು, ಮಹಾತಾಯಿ.

ಅರ್ಧ ಪೊಟ್ಟಣ ಹಾಲು ಫ್ರಿಜ್ಜಿನಲ್ಲೇ ಇತ್ತು.
ಒಡೆಯಿತು, ಗಟ್ಟಿಯಾಯಿತು, ನಾತ ಹೊಡೆಯಿತು.
ಎಲ್ಲರೂ ನನಗೇ ಬೈದರು.
ಗುರುತಿದ್ದ ಹಾಲು,
ನಾನು ಹೇಗೆ ಚೆಲ್ಲಲಿ?

ಇಪ್ಪತ್ತಮೂರು ವರ್ಷ.
ಡಿಸೆಂಬರಿಗೊಂದು ಕಾರ್ಡು ಬರುತ್ತದೆ. ಕೆಲವು ಸಲ ಅಕ್ಷರವೇ ಇಲ್ಲ,
ಬಲಮೂಲೆಗೆ ಎರಡು ಕಚ್ಚು, ಎಡಕ್ಕೊಂದು ಗೀರು, ಅಷ್ಟೇ.
ಇನ್ನೂರು ಡಾಲರಿನ ಮಾತು ಅವಳೂ ಎತ್ತಿಲ್ಲ, ನಾನೂ.
ಆ ಚಳಿಗಾಲ ಕಳೆದ ಮೇಲೆ ಎಷ್ಟು ಉಳಿದವೋ
ಇವತ್ತಿಗೂ ತಿಳಿಯದು.
ಕೇಳಿಲ್ಲ.